ಹಸಿರು ಕಲ್ಲು, ಬಿಳಿ ಕಲ್ಲು

ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಟೂಲ್ ಗ್ರೈಂಡರ್ ಬೇಕೆನಿಸುತ್ತದೆ. ಹೊಸದಕ್ಕೆ ಕೈಯಲ್ಲಿರುವ ದುಡ್ಡು ಸಾಲುವುದಿಲ್ಲ. ಹಾಗಾಗಿ ಬಾಗಿಲು ಹಾಕಿದ ಕಾರ್ಖಾನೆಯ ಹರಾಜಿನಲ್ಲೋ ಗುಜರಿಯಲ್ಲೋ ಸಿಗುವ ಹಳೆಯ ಎಚ್‌ಎಂಟಿ, ಪ್ರಾಗಾ ಮಷೀನುಗಳ ಮೇಲೆ ಕಣ್ಣು ಬೀಳುತ್ತದೆ. ಅಂಥದ್ದನ್ನು ತಂದು ಬಿಚ್ಚಿದರೆ ಒಳಗಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ತೆರ: ಗ್ರೀಸಿನ ಜೊತೆ ಕಲ್ಲಿನ ಪುಡಿ ಬೆರೆತು ಕರ್ರಗಾದ ಮಡ್ಡಿ, ಗರಗರ ಎನ್ನುವ ಬೇರಿಂಗು, ನಡುವೆ ಮಾತ್ರ ಸವೆದ ಸ್ಲೈಡು. ಇವೆಲ್ಲ ರಿಪೇರಿಗೆ ಬಗ್ಗುವ ಕಾಯಿಲೆಗಳು. ಡೀಸೆಲ್‌ನಲ್ಲಿ ತೊಳೆದು, ಬೇರಿಂಗ್ ಬದಲಿಸಿ, ಸ್ಪಿಂಡಲ್ಲಿಗೆ ಡಯಲ್ ಇಟ್ಟು ಓಟ ನೋಡಿ, ಸ್ಲೈಡನ್ನು ಸ್ಕ್ರೇಪ್ ಮಾಡಿಕೊಂಡರೆ ಮಷೀನು ಮತ್ತೆ ನಿಲ್ಲುತ್ತದೆ.

ರಿಪೇರಿಯಾಗದ ಭಾಗ ಒಂದೇ, ಕಲ್ಲು. ಹಳೆಯ ಮಷೀನಿನ ಜೊತೆ ಬಂದ ಗ್ರೈಂಡಿಂಗ್ ವೀಲನ್ನು ನಂಬಿ ಸ್ವಿಚ್ ಹಾಕಬಾರದು. 200 ಮಿಲಿಮೀಟರ್ ವ್ಯಾಸದ ಕಲ್ಲು ನಿಮಿಷಕ್ಕೆ 2,800 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 29 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಸಿಡಿದ ಚೂರು ಗುಂಡಿನ ಹಾಗೆ ಬರುತ್ತದೆ. ಅದಕ್ಕೇ ಹೊಸ ಕಲ್ಲು ತಂದಾಗಲೂ ಬೆರಳಿಗೆ ನೇತುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿ ಕೇಳುತ್ತಾರೆ. ಟಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಆಚೆಗೆ.

ಹೊಸ ಕಲ್ಲಿನ ನಡುವೆ ಎರಡೂ ಬದಿಗೆ ದುಂಡಗಿನ ರಟ್ಟುಕಾಗದದ ಚೀಟಿ ಅಂಟಿರುತ್ತದೆ. ಅದರ ಮೇಲೆ 'ಎ 60 ಕೆ 5 ವಿ' ಎಂದೋ 'ಜಿಸಿ 80 ಜೆ 5 ವಿ' ಎಂದೋ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಾಲು. ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: ಬಿಳಿಯದು ಕೊಡಲಾ, ಹಸಿರಿನದು ಕೊಡಲಾ? ಉತ್ತರ ತಪ್ಪಿದರೆ ಟೂಲೂ ಕೆಡುತ್ತದೆ, ಕಲ್ಲೂ ಕೆಡುತ್ತದೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಬ್ಬರಿಂದಲ್ಲ, ಒಂದೇ ಸಲಕ್ಕೂ ಅಲ್ಲ. ಚೀಟಿಯ ಅಕ್ಷರಗಳ ಹಿಂದೆ ಕುಂಬಾರನೊಬ್ಬ, ಎಡಿಸನ್ನನ ಹಳೆಯ ಕೆಲಸಗಾರನೊಬ್ಬ, ಬಾಕ್ಸೈಟ್ ಕರಗಿಸಿದವನೊಬ್ಬ ಇದ್ದಾರೆ. ಗಟ್ಟಿಯಾದದ್ದು ಸಿಕ್ಕರೆ ಕೆಲಸ ಮುಗಿಯಿತು ಎಂದು ಲೋಕ ನಂಬಿತ್ತು. ಗಟ್ಟಿತನವೊಂದರಿಂದಲೇ ಕೆಲಸ ಸಾಗುವುದಿಲ್ಲ ಎಂದು ತಿಳಿಯಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಚೀಟಿಯ ಕೊನೆಯ ಅಕ್ಷರದಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಮೊದಲು ಹುಟ್ಟಿದ್ದು ಅದೇ. 'ವಿ' ಎಂದರೆ ಕಲ್ಲಿನ ಹರಳುಗಳನ್ನು ಹಿಡಿದಿಟ್ಟಿರುವ ಅಂಟು, ಆವಿಗೆಯಲ್ಲಿ ಸುಟ್ಟು ಗಾಜಿನಂತಾದ ಜೇಡಿ.

ಹರಳನ್ನು ಅಂಟಿನಲ್ಲಿ ಕಲಸಿ ಚಕ್ರ ಮಾಡುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ರತ್ನ ಉಜ್ಜುವವರೂ ಕತ್ತಿಗೆ ಸಾಣೆ ಹಿಡಿಯುವವರೂ ಕೋರಂಡಮ್ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡಿಕೊಳ್ಳುತ್ತಿದ್ದರು. ಚಕ್ರದ ಅಚ್ಚಿಗೆ ಹಗ್ಗವನ್ನೋ ತೊಗಲಿನ ಪಟ್ಟಿಯನ್ನೋ ಸುತ್ತಿ ಒಬ್ಬ ಹಿಂದೆ ಮುಂದೆ ಎಳೆಯುತ್ತಿದ್ದ, ಇನ್ನೊಬ್ಬ ಅಲಗು ಒತ್ತಿ ಹಿಡಿಯುತ್ತಿದ್ದ. ಮಾಣಿಕ್ಯ, ನೀಲಗಳೂ ಕೋರಂಡಮ್ಮೇ. ಬಣ್ಣ ಕೆಟ್ಟ, ಪಾರದರ್ಶಕವಲ್ಲದ ಕಲ್ಲು ಸಾಣೆಗೆ ಹೋಗುತ್ತಿತ್ತು. ಹಳೆ ಮೈಸೂರು ಸೀಮೆಯಲ್ಲೂ ಆ ಕಲ್ಲನ್ನು ಅಗೆಯುತ್ತಿದ್ದರು. ಆದರೆ ಅರಗಿಗೆ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಕೈಯಲ್ಲಿ ಎಳೆಯುವ ಚಕ್ರಕ್ಕೆ ಅದು ನಡೆದೀತು, ಆವಿಯಂತ್ರದ ಬೆಲ್ಟಿಗೆ ನಡೆಯದು.

ಅಮೆರಿಕದ ಕಾರ್ಖಾನೆಗಳದ್ದೂ ಅದೇ ತೊಡಕು. ಅಲ್ಲಿ ಬಳಕೆಯಲ್ಲಿದ್ದದ್ದು ಎಮರಿ, ಅಂದರೆ ಕೋರಂಡಮ್ಮಿನ ಜೊತೆ ಕಬ್ಬಿಣದ ಅದಿರು ಬೆರೆತ ಕಪ್ಪು ಕಲ್ಲು. ಗ್ರೀಸಿನ ನ್ಯಾಕ್ಸಾಸ್ ದ್ವೀಪದಿಂದಲೂ ಟರ್ಕಿಯಿಂದಲೂ ಹಡಗಿನಲ್ಲಿ ಬರುತ್ತಿತ್ತು. ಅದನ್ನು ಸರೇಸಿನಲ್ಲೋ ಅರಗಿನಲ್ಲೋ ರಬ್ಬರಿನಲ್ಲೋ ಕೂರಿಸುತ್ತಿದ್ದರು. ನೀರು ಬಿದ್ದರೆ ಒಂದು ಬಿಡುತ್ತಿತ್ತು, ಬಿಸಿಯಾದರೆ ಇನ್ನೊಂದು ಕರಗುತ್ತಿತ್ತು.

ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಲ್ಲಿ ಫ್ರ್ಯಾಂಕ್ಲಿನ್ ನಾರ್ಟನ್ ಎಂಬವನ ಮಡಕೆ ಕಾರ್ಖಾನೆಯಿತ್ತು. ಜಾಡಿ, ಹೂಜಿ ಮಾಡಿ ಮಾರುವುದು ಅವನ ಕಸುಬು. ಅವನಲ್ಲಿ ದುಡಿಯುತ್ತಿದ್ದ ಸ್ವೀಡನ್ ಮೂಲದ ಕುಂಬಾರ ಸ್ವೆನ್ ಪುಲ್ಸನ್ 1873ರಲ್ಲಿ ಎಮರಿ ಪುಡಿಯನ್ನು ಮಡಕೆಯ ಜೇಡಿಯಲ್ಲಿ ಕಲಸಿ, ಚಕ್ರ ತಟ್ಟಿ, ಆವಿಗೆಗೆ ಹಾಕಿದ. ಮಾಲೀಕನ ಜೊತೆ ಒಂದು ಹೂಜಿ ಬಿಯರಿಗೆ ಪಂಥ ಕಟ್ಟಿ ಹೀಗೆ ಮಾಡಿದನೆಂದು ಆ ಊರಿನ ಕತೆ. ಪಂಥ ನಿಜವೋ ಸುಳ್ಳೋ, ಚಕ್ರ ಮಾತ್ರ ನಿಜ. ಬೆಂದ ಜೇಡಿ ನೀರಿಗೂ ಬಿಸಿಗೂ ಜಗ್ಗಲಿಲ್ಲ. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿತ್ತು. ಸುಟ್ಟ ಜೇಡಿಯ ನಡುವೆ ಸಣ್ಣಸಣ್ಣ ತೂತುಗಳು ಉಳಿಯುತ್ತವೆ. ಕತ್ತರಿಸಿದ ಲೋಹದ ಪುಡಿ ಅಲ್ಲಿ ಜಾಗ ಮಾಡಿಕೊಂಡು, ಕಲ್ಲು ತಿರುಗಿದಾಗ ಹೊರಬೀಳುತ್ತದೆ. ಹರಳೊಂದು ಮೊಂಡಾದಾಗ ಅದರ ಮೇಲೆ ಒತ್ತಡ ಏರಿ, ಜೇಡಿಯ ಹಿಡಿತ ತಪ್ಪಿ, ತಾನಾಗಿ ಕಳಚಿಕೊಳ್ಳುತ್ತದೆ. ಕೆಳಗಿನ ಹೊಸ ಹರಳು ಮೇಲೆ ಬರುತ್ತದೆ. ಗ್ರೈಂಡಿಂಗ್ ವೀಲ್ ಎಂದರೆ ಸವೆಯುತ್ತಲೇ ಹರಿತವಾಗುವ ಸಾಧನ.

ನಾರ್ಟನ್ 1877ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1885ರಲ್ಲಿ ಮಿಲ್ಟನ್ ಹಿಗ್ಗಿನ್ಸ್, ಜಾರ್ಜ್ ಆಲ್ಡೆನ್ ಮತ್ತು ಸಂಗಡಿಗರು 10,000 ಡಾಲರಿಗೆ ಆ ವ್ಯವಹಾರ ಕೊಂಡರು. ನಾರ್ಟನ್ ಎಂಬ ಹೆಸರನ್ನು ಹಾಗೇ ಉಳಿಸಿಕೊಂಡರು. ಭಾರತದಲ್ಲಿ 1941ರಲ್ಲಿ ಹುಟ್ಟಿದ ಗ್ರೈಂಡ್‌ವೆಲ್ ಕಂಪನಿ ಮುಂದೆ ಅದೇ ನಾರ್ಟನ್ ಹೆಸರನ್ನು ಸೇರಿಸಿಕೊಂಡಿತು. ಬೆಂಗಳೂರಿನಲ್ಲೂ ಅದರ ಕಾರ್ಖಾನೆಯಿದೆ.

ಅಂಟು ಸಿಕ್ಕಿತು, ಹರಳು ಇನ್ನೂ ಹಳೆಯದೇ. ಗಣಿಯ ಎಮರಿ ಒಂದು ಮೂಟೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಒಂದರಲ್ಲಿ ಕೋರಂಡಮ್ ಹೆಚ್ಚು, ಮತ್ತೊಂದರಲ್ಲಿ ಕಬ್ಬಿಣ ಹೆಚ್ಚು. ಚೀಟಿಯ ಮೊದಲ ಅಕ್ಷರಗಳಲ್ಲಿ 'ಸಿ' ಇದ್ದರೆ ಅದು ಗಣಿಯ ಗೊಡವೆಯಿಲ್ಲದೆ ಹುಟ್ಟಿದ ಹರಳು. ಅದರ ಕತೆ ಪೆನ್ಸಿಲ್ವೇನಿಯಾದ ಮೊನಾಂಗಹೀಲಾ ಊರಿನದು.

ಎಡ್ವರ್ಡ್ ಗುಡ್‌ರಿಚ್ ಅಚೆಸನ್ 1856ರಲ್ಲಿ ಹುಟ್ಟಿದವನು. 1880ರಲ್ಲಿ ಮೆನ್ಲೊ ಪಾರ್ಕಿನ ಎಡಿಸನ್ ಪ್ರಯೋಗಶಾಲೆ ಸೇರಿ, ದೀಪದ ಕಾರ್ಬನ್ ತಂತಿಯ ಕೆಲಸ ಕಲಿತು, ಯುರೋಪಿನಲ್ಲಿ ಎಡಿಸನ್ ದೀಪಗಳನ್ನು ಹೂಡಿಬಂದ. ಆಮೇಲೆ ಸ್ವಂತ ದಾರಿ ಹಿಡಿದ. ಮೊನಾಂಗಹೀಲಾದಲ್ಲಿ ಊರಿಗೆ ಬೆಳಕು ಕೊಡುವ ವಿದ್ಯುತ್ ಘಟಕವೊಂದು ಅವನ ಕೈಯಲ್ಲಿತ್ತು. ಡೈನಮೊ ಇದ್ದಮೇಲೆ ಬಿಡುವಿನಲ್ಲಿ ಪ್ರಯೋಗಕ್ಕೇನು ಕೊರತೆ? ಕೃತಕ ವಜ್ರ ಮಾಡಲು ಹೊರಟಿದ್ದ ಎಂದು ಅವನ ಬಗ್ಗೆ ಬರೆಯುವವರು ಹೇಳುವುದುಂಟು. ಜೇಡಿಗೆ ಇಂಗಾಲ ಉಣಿಸಿದರೆ ಗಟ್ಟಿಯಾದ ಸಾಣೆಪುಡಿ ಸಿಕ್ಕೀತೇ ಎಂಬುದೂ ಅವನ ತಲೆಯಲ್ಲಿತ್ತು.

1891ರಲ್ಲಿ ಅವನು ಹೂಡಿದ ಪ್ರಯೋಗ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಬಹುದಾದಷ್ಟು ಸಾದಾ. ಕೊಳಾಯಿ ಕೆಲಸದವರು ಸೀಸ ಕರಗಿಸುವಂಥ ಕಬ್ಬಿಣದ ಬೋಗುಣಿ. ಅದರ ತುಂಬ ಜೇಡಿಮಣ್ಣು ಮತ್ತು ಪುಡಿಮಾಡಿದ ಕೋಕ್ ಕಲ್ಲಿದ್ದಲು. ಡೈನಮೊದ ಒಂದು ತಂತಿ ಬೋಗುಣಿಗೆ, ಇನ್ನೊಂದು ಆರ್ಕ್ ದೀಪದ ಕಾರ್ಬನ್ ಕಡ್ಡಿಗೆ. ಕಡ್ಡಿಯನ್ನು ಮಿಶ್ರಣದ ನಡುವೆ ತೂರಿಸಿ ವಿದ್ಯುತ್ ಹರಿಸಿದ. ನಡುವಿನ ಮಣ್ಣು ಕರಗಿತು. ಆರಿದ ಮೇಲೆ ತೆಗೆದು ನೋಡಿದರೆ ಅಂದುಕೊಂಡದ್ದು ಕಾಣಲಿಲ್ಲ. ಕಡ್ಡಿಯ ತುದಿಗೆ ಮಾತ್ರ ಮಿಣಮಿಣ ಹೊಳೆಯುವ ಕೆಲವು ಕಣ ಅಂಟಿಕೊಂಡಿದ್ದವು.

ಇಲ್ಲಿ ಅವನು ಮಾಡಿದ್ದು ಕೆಲಸಗಾರನ ಪರೀಕ್ಷೆ. ಕಣವೊಂದನ್ನು ಸೀಸದ ಕಡ್ಡಿಯ ತುದಿಗೆ ಸಿಕ್ಕಿಸಿ ಗಾಜಿನ ಮೇಲೆ ಎಳೆದ. ವಜ್ರ ಎಳೆದ ಹಾಗೆ ಗೀರು ಬಿತ್ತು. ವಸ್ತು ಏನೆಂದು ಗೊತ್ತಾಗುವ ಮೊದಲೇ ಅದು ಏನನ್ನು ಕೊರೆಯುತ್ತದೆ ಎಂಬುದು ಗೊತ್ತಾಯಿತು. ಏನೆಂಬ ಊಹೆ ಹುಸಿಯಾಯಿತು: ಜೇಡಿಯಲ್ಲಿರುವ ಅಲ್ಯುಮಿನಾ ಮತ್ತು ಇಂಗಾಲ ಕೂಡಿ ಹುಟ್ಟಿದ್ದಿರಬೇಕೆಂದುಕೊಂಡು ಕಾರ್ಬನ್ ಮತ್ತು ಕೋರಂಡಮ್ ಎರಡನ್ನೂ ಬೆಸೆದು 'ಕಾರ್ಬೊರಂಡಮ್' ಎಂದು ಹೆಸರಿಟ್ಟ. ವಿಶ್ಲೇಷಣೆ ಮಾಡಿಸಿದಾಗ ಅಲ್ಯುಮಿನಾಗೆ ಅದರಲ್ಲಿ ಪಾಲೇ ಇರಲಿಲ್ಲ. ಜೇಡಿಯಲ್ಲಿದ್ದ ಮರಳಿನ ಅಂಶ ಇಂಗಾಲದ ಜೊತೆ ಸೇರಿ ಸಿಲಿಕಾನ್ ಕಾರ್ಬೈಡ್ ಆಗಿತ್ತು. ಹೆಸರು ಉಳಿಯಿತು, ಜೇಡಿ ಹೋಗಿ ಮರಳು ಬಂತು.

ಮರಳು, ಕೋಕ್, ಜೊತೆಗೆ ಮರದ ಹೊಟ್ಟು ಮತ್ತು ಉಪ್ಪು. ಹೊಟ್ಟು ಸುಟ್ಟು ಆಗುವ ಸಂದಿನಲ್ಲಿ ಅನಿಲ ಹೊರಹೋಗುತ್ತದೆ, ಉಪ್ಪು ಕಬ್ಬಿಣದ ಕಲ್ಮಷವನ್ನು ಆವಿಮಾಡಿ ಓಡಿಸುತ್ತದೆ. ಇಟ್ಟಿಗೆಯ ತೊಟ್ಟಿಯ ನಡುವೆ ಕೋಕಿನ ದಿಂಡು, ಸುತ್ತ ಈ ಮಿಶ್ರಣ. ದಿಂಡಿನಲ್ಲಿ ವಿದ್ಯುತ್ ಹರಿದು 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಸುತ್ತ ಹಬ್ಬುತ್ತದೆ. ತಣಿದ ಮೇಲೆ ಗೋಡೆ ಕೆಡವಿದರೆ ದಿಂಡನ್ನು ಸುತ್ತಿ, ಕಾಮನಬಿಲ್ಲಿನ ಬಣ್ಣ ಚೆಲ್ಲುವ ಹರಳುಗಳ ಗಟ್ಟಿ. ತೀರ ಶುದ್ಧವಿದ್ದರೆ ಹರಳು ಹಸಿರು, ಸ್ವಲ್ಪ ಕಲ್ಮಷವಿದ್ದರೆ ಕಪ್ಪು. ಇಂದಿಗೂ ಸಿಲಿಕಾನ್ ಕಾರ್ಬೈಡ್ ಮಾಡುವುದು ಬಹುಮಟ್ಟಿಗೆ ಇದೇ ಕುಲುಮೆಯಲ್ಲಿ. ಅದಕ್ಕೆ ಅಚೆಸನ್ ಕುಲುಮೆ ಎಂದೇ ಹೆಸರು.

ಮೊದಲ ಬೆಳೆ ಸಣ್ಣ ಸೀಸೆಯಲ್ಲಿ ಹಿಡಿಸುವಷ್ಟು. ಅದನ್ನು ನ್ಯೂಯಾರ್ಕಿನ ರತ್ನ ಉಜ್ಜುವವರಿಗೆ ತೋರಿಸಿ ಕ್ಯಾರಟ್ಟಿಗೆ 40 ಸೆಂಟಿನಂತೆ ಮಾರಿದ. ಆ ಲೆಕ್ಕದಲ್ಲಿ ಒಂದು ಪೌಂಡಿಗೆ 900 ಡಾಲರಿನ ಸುಮಾರು. ರತ್ನದವರಾದ ಮೇಲೆ ಹಲ್ಲಿನ ವೈದ್ಯರಿಗೆ ಪುಟ್ಟ ಚಕ್ರಗಳು. 1893ರ ಫೆಬ್ರವರಿ 28ರಂದು ಪೇಟೆಂಟ್ ಬಂತು. ಅದೇ ವರ್ಷದ ಷಿಕಾಗೊ ವಿಶ್ವಮೇಳಕ್ಕೆ ದೀಪ ಹಾಕುವ ಗುತ್ತಿಗೆ ವೆಸ್ಟಿಂಗ್‌ಹೌಸ್ ಕಂಪನಿಯ ಪಾಲಾಗಿತ್ತು. ಎಡಿಸನ್ ಬಲ್ಬಿನ ಪೇಟೆಂಟ್ ಮುಟ್ಟುವಂತಿಲ್ಲವಾದ್ದರಿಂದ ಅವರು ಗಾಜಿನ ಬಿರಡೆ ಹಾಕಿದ ಎರಡು ತುಂಡಿನ ಬಲ್ಬು ಮಾಡಿದರು. ಗಾಳಿ ನುಸುಳದಂತೆ ಬಿರಡೆಯನ್ನು ಉಜ್ಜಿ ಕೂರಿಸಲು ಬಳಸಿದ್ದು ಕಾರ್ಬೊರಂಡಮ್ ಚಕ್ರ. ಎಡಿಸನ್ನನ ಹಳೆಯ ಶಿಷ್ಯ ಅವನ ಎದುರಾಳಿಯ ಗಾಜು ಉಜ್ಜಿಕೊಟ್ಟ.

ನಯಾಗರಾ ಜಲಪಾತದಿಂದ ವಿದ್ಯುತ್ ಬರುತ್ತದೆಂದಾಗ ಅಚೆಸನ್ ತಡಮಾಡಲಿಲ್ಲ. ಮೊನಾಂಗಹೀಲಾದಲ್ಲಿ ಮಾಡಿದ ಮಾಲೇ ಪೂರ್ತಿ ಮಾರಾಟವಾಗದ ಹೊತ್ತಿನಲ್ಲಿ 1,000 ಅಶ್ವಶಕ್ತಿಗೆ ಒಪ್ಪಂದ ಮಾಡಿಕೊಂಡ. ಇದು ಹುಚ್ಚುತನವೆಂದು ಅವನ ಕಂಪನಿಯ ನಿರ್ದೇಶಕರು ಕೈತೊಳೆದುಕೊಂಡರು. 1895ರಲ್ಲಿ ಕಾರ್ಖಾನೆ ನಯಾಗರಾಕ್ಕೆ ಹೋಯಿತು. ಕ್ಯಾರಟ್ ಲೆಕ್ಕದ ಸರಕು ಪೌಂಡ್ ಲೆಕ್ಕಕ್ಕೆ, ಅಲ್ಲಿಂದ ಟನ್ ಲೆಕ್ಕಕ್ಕೆ ಇಳಿಯಿತು. ಸಾಲ ಕೊಟ್ಟ ಬ್ಯಾಂಕಿನವರ ಕೈಗೆ ಕಂಪನಿ ಜಾರಿತು ಎಂಬುದು ಬೇರೆ ಮಾತು. 1954ರಲ್ಲಿ ಇದೇ ಕಂಪನಿ ಮದರಾಸಿನ ಮುರುಗಪ್ಪ ಬಳಗದ ಜೊತೆ ಸೇರಿ ಕಟ್ಟಿದ್ದು ಕಾರ್ಬೊರಂಡಮ್ ಯೂನಿವರ್ಸಲ್. ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಎಷ್ಟೋ ಕಲ್ಲುಗಳು ಅದರವೇ.

ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರ 10, ಕೋರಂಡಮ್ 9. ಕಾರ್ಬೊರಂಡಮ್ ಎರಡರ ನಡುವೆ. ಇನ್ನು ಎಮರಿಯ ಕತೆ ಮುಗಿಯಿತು ಎಂದೇ ತೋರುತ್ತಿತ್ತು. ಬೀಡು, ಹಿತ್ತಾಳೆ, ಗಾಜು, ಕಲ್ಲುಗಳ ಮೇಲೆ ಹೊಸ ಹರಳು ಬೆಣ್ಣೆಯಲ್ಲಿ ಹಾಯ್ದಂತೆ ಹಾಯುತ್ತಿತ್ತು. ಉಕ್ಕಿಗೆ ಬಂದಾಗ ಮುಗ್ಗರಿಸಿತು. ಉಕ್ಕಿಗಿಂತ ಎಷ್ಟೋ ಗಟ್ಟಿಯಾದ ಹರಳು ಉಕ್ಕನ್ನು ಉಜ್ಜುವಾಗ ಬೇಗ ಮೊಂಡಾಗುತ್ತಿತ್ತು, ಕಲ್ಲು ಬೇಗ ಸವೆಯುತ್ತಿತ್ತು. ಉಜ್ಜುವ ಕಡೆ ಕಾವು ಏರಿದಾಗ ಕಬ್ಬಿಣಕ್ಕೆ ಇಂಗಾಲದ ಹಸಿವು. ಹರಳಿನ ಮೊನೆಯಲ್ಲಿರುವ ಇಂಗಾಲವನ್ನು ಅದು ಎಳೆದುಕೊಳ್ಳುತ್ತದೆ, ಸಿಲಿಕಾನಿನ ಜೊತೆಯೂ ಕೂಡಿಕೊಳ್ಳುತ್ತದೆ. ಮೊನೆ ಸವೆಯುವುದು ತಿಕ್ಕಾಟಕ್ಕಿಂತ ಹೆಚ್ಚಾಗಿ ಈ ರಾಸಾಯನಿಕ ಸೋರಿಕೆಯಿಂದ. ಜೊತೆಗೆ ಕಾರ್ಬೊರಂಡಮ್ ಹರಿತ ಹೌದು, ಪೆಟ್ಟು ತಾಳುವಂಥದ್ದಲ್ಲ. ಜಿಗುಟಾದ ಉಕ್ಕಿನ ಏಟಿಗೆ ಬೇಗ ಒಡೆಯುತ್ತದೆ.

ಉಕ್ಕಿಗೆ ಬೇಕಾದದ್ದು ಕಬ್ಬಿಣದ ಜೊತೆ ವ್ಯವಹಾರ ಇಟ್ಟುಕೊಳ್ಳದ ಹರಳು. ಅದು ಹಳೆಯ ಕೋರಂಡಮ್ಮೇ: ಆಮ್ಲಜನಕದ ಜೊತೆ ಬಿಗಿಯಾಗಿ ಕಟ್ಟಿಕೊಂಡ ಅಲ್ಯುಮಿನಿಯಂ. ಗಣಿಯದು ಬೇಡ, ಶುದ್ಧವಾದದ್ದು ಬೇಕು. ಚೀಟಿಯ 'ಎ' ಅಕ್ಷರ ಹುಟ್ಟಿದ್ದು ಹೀಗೆ. ನ್ಯೂಜೆರ್ಸಿಯ ಆಂಪಿಯರ್ ಎಲೆಕ್ಟ್ರೊಕೆಮಿಕಲ್ ಕಂಪನಿಯಲ್ಲಿದ್ದ ಚಾರ್ಲ್ಸ್ ಜೇಕಬ್ಸ್ 1897ರಲ್ಲಿ ಬಾಕ್ಸೈಟನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಕೃತಕ ಕೋರಂಡಮ್ ತೆಗೆದ. ವೂಸ್ಟರಿನ ನಾರ್ಟನ್ ಕಂಪನಿ 1901ರಲ್ಲಿ ಅದರ ಹಕ್ಕು ಕೊಂಡು, ತಾನೂ ನಯಾಗರಾದಲ್ಲೇ ಕುಲುಮೆ ಹೂಡಿ, 'ಆಲಂಡಮ್' ಎಂದು ಹೆಸರಿಟ್ಟಿತು. ಬಾಕ್ಸೈಟಿನಿಂದ ನೇರ ಬಂದದ್ದು ಕಂದು. ಬಾಕ್ಸೈಟನ್ನು ಮೊದಲು ಶುದ್ಧ ಅಲ್ಯುಮಿನಾ ಮಾಡಿ ಕರಗಿಸಿದರೆ ಬಿಳಿ. ಎರಡು ಕಾರ್ಖಾನೆಗಳು ಒಂದೇ ಜಲಪಾತದ ನೀರಿನಲ್ಲಿ ಎರಡು ಬೇರೆ ಹರಳು ಬೇಯಿಸತೊಡಗಿದವು. ಸ್ಪರ್ಧೆಯಂತೆ ಕಂಡರೂ ಇವು ಒಂದನ್ನೊಂದು ಸೋಲಿಸುವ ಸರಕುಗಳಾಗಿರಲಿಲ್ಲ.

ಬಿಳಿಯ ಕಲ್ಲಿಗೆ ತಕ್ಕ ಗಿರಾಕಿಯೂ ಆಗಲೇ ಹುಟ್ಟಿದ್ದ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್, ಟಂಗ್‌ಸ್ಟನ್ ಬೆರೆಸಿದ ಉಕ್ಕಿನ ಟೂಲನ್ನು ಕಮ್ಮಾರರು ಕೆಟ್ಟುಹೋಯಿತೆಂದು ಬಿಸಾಡುವ ಕಾವಿಗಿಂತಲೂ ಮೇಲಕ್ಕೆ, ಕರಗುವ ಹಂತದ ತನಕ ಕಾಯಿಸಿದರೆ ಅದು ಕೆಡುವ ಬದಲು ಇನ್ನೂ ಚೆನ್ನಾಗುತ್ತದೆಂದು ಕಂಡುಕೊಂಡಿದ್ದರು. 1900ರ ಪ್ಯಾರಿಸ್ ಮೇಳದಲ್ಲಿ ಮೊನೆ ಕೆಂಪಗೆ ಕಾದರೂ ಕತ್ತರಿಸುತ್ತಲೇ ಇದ್ದ ಟೂಲನ್ನು ಜನ ನಿಂತು ನೋಡಿದರು. ನಾವು ಎಚ್‌ಎಸ್‌ಎಸ್ ಎನ್ನುವುದು ಇದರ ಸಂತತಿಯನ್ನೇ. 26 ವರ್ಷಗಳ ಪ್ರಯೋಗದ ಸಾರವನ್ನು ಟೇಲರ್ 1906ರಲ್ಲಿ ಪ್ರಕಟಿಸಿದಾಗ ಸಾಣೆಯ ಬಗ್ಗೆ ಕಟ್ಟುನಿಟ್ಟಾಗಿ ಹೇಳಿದ: ಲೇತಿನವನು ತನ್ನ ಟೂಲನ್ನು ತನಗೆ ತೋಚಿದಂತೆ ಉಜ್ಜಿಕೊಳ್ಳಬಾರದು, ಟೂಲ್‌ರೂಮಿನಲ್ಲಿ ಅದಕ್ಕೆಂದೇ ಇರುವ ಮಷೀನಿನಲ್ಲಿ ಗೊತ್ತಾದ ಕೋನಕ್ಕೆ ಉಜ್ಜಬೇಕು, ಮೊನೆಯ ಮೇಲೆ ಧಾರಾಳ ನೀರು ಬೀಳುತ್ತಿರಬೇಕು. ಟೂಲ್ ಗ್ರೈಂಡರ್ ಎಂಬ ಪ್ರತ್ಯೇಕ ಮಷೀನಿನ ಪರವಾಗಿ ಇದಕ್ಕಿಂತ ಗಟ್ಟಿ ವಾದ ಇನ್ನೊಂದಿಲ್ಲ.

ಹಸಿರು ಕಲ್ಲು ಟೂಲ್‌ರೂಮಿಗೆ ಬಂದದ್ದು ಜರ್ಮನಿಯ ದಾರಿಯಲ್ಲಿ. ದೀಪದ ಟಂಗ್‌ಸ್ಟನ್ ತಂತಿ ಎಳೆಯಲು ವಜ್ರದ ಅಚ್ಚು ಬೇಕಾಗುತ್ತಿತ್ತು, ಅದು ದುಬಾರಿ. ಬದಲಿ ಹುಡುಕುತ್ತಿದ್ದ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟಿನ ಅಂಟಿನಲ್ಲಿ ಒತ್ತಿ ಬೇಯಿಸಿದ. ಕ್ರುಪ್ ಕಂಪನಿ ಅದನ್ನು ಟೂಲಿನ ಮೊನೆಯಾಗಿಸಿ 1927ರಲ್ಲಿ ಲೈಪ್‌ಝಿಗ್ ಮೇಳದಲ್ಲಿ ಇಟ್ಟಿತು. ಈ ಕಾರ್ಬೈಡ್ ಮೇಲೆ ಬಿಳಿಯ ಕಲ್ಲು ಬರೀ ಜಾರುತ್ತದೆ, ಕಲ್ಲಿನ ಮೈ ಕನ್ನಡಿಯಂತೆ ಹೊಳೆಯುತ್ತದೆ. ಉಕ್ಕಿನ ಮುಂದೆ ಸೋತಿದ್ದ ಸಿಲಿಕಾನ್ ಕಾರ್ಬೈಡ್ ಇಲ್ಲಿ ಗೆದ್ದಿತು. ಅದು ಹೆಚ್ಚು ಗಟ್ಟಿ ಎಂಬುದು ಒಂದು ಕಾರಣ. ಟಂಗ್‌ಸ್ಟನ್ ಆಗಲೇ ಇಂಗಾಲ ಉಂಡು ತಣಿದಿರುವುದರಿಂದ ಹರಳಿನ ಇಂಗಾಲಕ್ಕೆ ಕೈ ಹಾಕುವುದಿಲ್ಲ ಎಂಬುದು ಇನ್ನೊಂದು.

ಕೊನೆಯ ಪಾಠ ಕಲಿಸಿದ್ದು ವಜ್ರವೇ. 1954ರ ಡಿಸೆಂಬರ್ 16ರಂದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟ್ರೇಸಿ ಹಾಲ್ ಕೃತಕ ವಜ್ರ ಮಾಡಿ ತೋರಿಸಿದ. ಲೋಕದಲ್ಲೇ ಗಟ್ಟಿಯಾದ ವಸ್ತು ಕೈಗೆ ಬಂತು. ಆದರೆ ವಜ್ರವೆಂದರೆ ಬರೀ ಇಂಗಾಲ. ಬಿಸಿಯುಕ್ಕಿಗೆ ಅದಕ್ಕಿಂತ ಒಳ್ಳೆಯ ಊಟ ಯಾವುದಿದೆ? ಕಾರ್ಬೈಡ್ ಮೇಲೆ ಸಲೀಸಾಗಿ ನಡೆಯುವ ವಜ್ರದ ಚಕ್ರ ಉಕ್ಕಿನ ಮೇಲೆ ವೇಗವಾಗಿ ಓಡಿದರೆ ಬೇಗ ಕರಗಿಹೋಗುತ್ತದೆ. ಅದೇ ಕಂಪನಿಯ ರಾಬರ್ಟ್ ವೆಂಟಾರ್ಫ್ 1957ರಲ್ಲಿ ಬೋರಾನ್ ಮತ್ತು ಸಾರಜನಕವನ್ನು ವಜ್ರದ ಕಟ್ಟಿಗೆ ಒತ್ತಿ ಹೊಸ ಹರಳು ಮಾಡಿದ: ಕ್ಯೂಬಿಕ್ ಬೋರಾನ್ ನೈಟ್ರೈಡ್. ವಜ್ರಕ್ಕಿಂತ ಒಂದು ಕೈ ಮೆತ್ತಗೆ, ಆದರೆ ಅದರಲ್ಲಿ ಇಂಗಾಲವಿಲ್ಲ. ಗಡುಸು ಮಾಡಿದ ಉಕ್ಕಿನ ಮೇಲೆ ಅದರ ಬಾಳಿಕೆಗೆ ವಜ್ರ ಸಾಟಿಯಲ್ಲ. ಚೀಟಿಯ ಮೇಲೆ ವಜ್ರಕ್ಕೆ 'ಡಿ', ಇದಕ್ಕೆ 'ಬಿ'.

ಹಾಗಾಗಿ ಹಳೆಯ ಗ್ರೈಂಡರ್ ನಿಲ್ಲಿಸಿಕೊಂಡವರಿಗೆ ಅಂಗಡಿಯಲ್ಲಿ ಹೇಳಲು ಉತ್ತರ ಸಿದ್ಧವಿದೆ. ಎಚ್‌ಎಸ್‌ಎಸ್ ಬಿಟ್, ಡ್ರಿಲ್, ಮಿಲ್ಲಿಂಗ್ ಕಟರ್‌ಗಳಿಗೆ ಬಿಳಿ. ಬೆಸುಗೆ ಹಾಕಿದ ಕಾರ್ಬೈಡ್ ಮೊನೆಗೆ ಹಸಿರು. ಆದರೆ ಕೆಳಗಿನ ಉಕ್ಕಿನ ಶ್ಯಾಂಕನ್ನು ಬಿಳಿಯ ಕಲ್ಲಿನಲ್ಲೇ ತೆಗೆದು, ಹಸಿರಿಗೆ ಕಾರ್ಬೈಡನ್ನು ಮಾತ್ರ ಒಡ್ಡಬೇಕು. ಕಾದ ಕಾರ್ಬೈಡನ್ನು ನೀರಿಗೆ ಅದ್ದಬಾರದು, ಬಿರುಕು ಬಿಡುತ್ತದೆ. ಚೀಟಿಯ ನಡುವಿನ ಅಕ್ಷರ ಜೇಡಿಯ ಹಿಡಿತ ಹೇಳುತ್ತದೆ, 'ಎ' ಕಡೆಗೆ ಸಡಿಲ, 'ಝಡ್' ಕಡೆಗೆ ಬಿಗಿ. ಟೂಲ್ ಎಷ್ಟು ಗಡುಸೋ ಕಲ್ಲು ಅಷ್ಟು ಸಡಿಲವಿರಬೇಕು, ಏಕೆಂದರೆ ಗಡುಸು ಟೂಲಿನ ಮೇಲೆ ಹರಳು ಬೇಗ ಮೊಂಡಾಗುತ್ತದೆ, ಮೊಂಡಾದದ್ದನ್ನು ಜೇಡಿ ಬೇಗ ಬಿಟ್ಟುಕೊಡಬೇಕು. ಬಿಡದೆ ಹೊಳಪೇರಿದರೆ, ಬೀಸುವ ಕಲ್ಲಿಗೆ ಉಳಿ ಹೊಡೆಸಿ ತರಿ ಮಾಡಿಸುವಂತೆ, ಡ್ರೆಸ್ಸರ್ ಹಿಡಿದು ಮೇಲ್ಪದರ ತೆಗೆಯಬೇಕು. ಕಲ್ಲು ಸವೆಯಿತಲ್ಲ ಎಂದು ಲೋಭ ಮಾಡಿದವರ ಟೂಲಿನ ಮೊನೆ ನೀಲಿಯಾಗುತ್ತದೆ. ಸವೆಯದ ಕಲ್ಲು ಕೊರೆಯುವುದೂ ಇಲ್ಲ.